ಬರೆದದ್ದು 5 ಗಂಟೆ, ವಾಚ್ ತೋರಿಸಿದ್ದು ಒಂದೂವರೆ!

ಪ್ರಶ್ನೆ: ಆರೋಗ್ಯ ಸಮೀಕ್ಷೆಯ ಫಾರಂ ಒಂದರಲ್ಲಿ ಕಳೆದ 7 ದಿನ ಎಷ್ಟು ಹೊತ್ತು ವ್ಯಾಯಾಮ ಮಾಡಿದಿರಿ ಎಂದು ಕೇಳಿದ್ದರು. 5 ಗಂಟೆ ಎಂದು ಬರೆದೆ. ಅದೇ ವಾರ ನನ್ನ ಸ್ಮಾರ್ಟ್‌ವಾಚ್ ತೋರಿಸಿದ್ದು 90 ನಿಮಿಷ. ನಾನು ಸುಳ್ಳು ಬರೆದಿಲ್ಲ. ಯಾವುದನ್ನು ನಂಬಲಿ?

ಉತ್ತರ: ಸುಳ್ಳಿನ ಮಾತೇ ಬೇಡ. ಜಿಮ್‌ನಲ್ಲಿ ಒಂದು ಗಂಟೆ ಇದ್ದರೆ ಒಂದು ಗಂಟೆ ಅಂತಲೇ ಬರೆಯುತ್ತೇವೆ, ಅಲ್ವಾ? ಬಟ್ಟೆ ಬದಲಿಸಿದ್ದು, ನೀರು ಕುಡಿದದ್ದು, ಪಕ್ಕದವರ ಜೊತೆ ಹರಟಿದ್ದು ಎಲ್ಲಾ ಅದರೊಳಗೇ ಸೇರಿರುತ್ತದೆ. ಬೆವರಿದ್ದು ನೆನಪಿರುತ್ತದೆ, ಸುಮ್ನೆ ಕೂತದ್ದು ಇರುವುದಿಲ್ಲ. ನಾಲ್ಕು ಜನರ ಮುಂದೆ ಚುರುಕಾಗಿ ಕಾಣುವ ಆಸೆಯೂ ಗೊತ್ತಿಲ್ಲದೆ ಕೈ ಹಿಡಿದು ಬರೆಸುತ್ತದೆ.

ಇದು ನಿಮ್ಮೊಬ್ಬರ ಕತೆಯಲ್ಲ. ಅಮೆರಿಕದಲ್ಲಿ 2003-04ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜನರ ಸೊಂಟಕ್ಕೆ ಅಕ್ಸೆಲೆರೋಮೀಟರ್ (ಮೈಯ ಅಲುಗಾಟ ಅಳೆಯುವ ಪುಟ್ಟ ಸಾಧನ) ಕಟ್ಟಿ ನೋಡಿದರು. ಆರೋಗ್ಯಕ್ಕೆ ಬೇಕಾದಷ್ಟು ಚಟುವಟಿಕೆ ಇದ್ದ ವಯಸ್ಕರು ನೂರಕ್ಕೆ 5 ಜನರೂ ಇರಲಿಲ್ಲ. ಬರೀ ಕೇಳಿ ಬರೆದುಕೊಂಡಾಗ ಆ ಸಂಖ್ಯೆ ನೂರಕ್ಕೆ ಹೆಚ್ಚುಕಡಿಮೆ 50 ಇತ್ತು!

ಹಾಗಂತ ವಾಚ್ ಹೇಳಿದ್ದೇ ವೇದವಾಕ್ಯವಲ್ಲ. ಅದು ಹೆಚ್ಚಾಗಿ ನೋಡುವುದು ಮಣಿಕಟ್ಟಿನ ಅಲುಗಾಟ. ಸೈಕಲ್ ತುಳಿಯುವಾಗ ಕೈ ಹ್ಯಾಂಡಲ್ ಮೇಲೆ ಅಲುಗಾಡದೆ ಇರುತ್ತದೆ, ಕೆಲಸವೆಲ್ಲಾ ಕಾಲಿಗೆ. ಭಾರ ಎತ್ತಿದರೂ, ಗಾಡಿ ತಳ್ಳಿದರೂ ಇದೇ ಗತಿ. ಹಸಿರು ಬೆಳಕಿನಿಂದ ಎದೆಬಡಿತ ನೋಡುವ ವಾಚ್ ಸ್ವಲ್ಪ ವಾಸಿ, ಆದರೆ ಪಟ್ಟಿ ಸಡಿಲವಾದರೆ ಅದೂ ತಪ್ಪುತ್ತದೆ. ಇನ್ನು ಕ್ಯಾಲೊರಿ ಲೆಕ್ಕವನ್ನಂತೂ ನಾನು ನೋಡುವುದೇ ಇಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿಗೆ ಕಟ್ಟುವ ಇಂಥ 7 ಸಾಧನಗಳನ್ನು ಪರೀಕ್ಷಿಸಿದರು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಸರಿಯಿದ್ದದ್ದೂ ಸರಾಸರಿ 27 ಶೇಕಡಾ ತಪ್ಪಿತ್ತು.

ಸಂಶೋಧಕರು ಫಾರಂ ಬಿಡದಿರುವುದಕ್ಕೂ ಕಾರಣವಿದೆ. ಆಫೀಸಿಗೆ ನಡೆದಿರೋ, ಖುಷಿಗೆ ನಡೆದಿರೋ ವಾಚ್‌ಗೆ ಗೊತ್ತಾಗುವುದಿಲ್ಲ. ನಿಮಗೆ ಎಷ್ಟು ಏದುಸಿರು ಬಂತು ಅನ್ನುವುದನ್ನೂ ನೀವೇ ಹೇಳಬೇಕು.

ನಿಮ್ಮ ನಿಜವಾದ ಲೆಕ್ಕ ಎರಡರ ನಡುವೆ ಎಲ್ಲೋ ಇರಬಹುದು. ನೀವು ಸೈಕಲ್ ತುಳಿಯುವವರಾದರೆ 5 ಗಂಟೆಯ ಕಡೆಗೆ, ಜಿಮ್‌ನಲ್ಲಿ ಹರಟುವವರಾದರೆ 90 ನಿಮಿಷದ ಕಡೆಗೆ! ಎರಡು ವಾರ ಹೀಗೆ ಮಾಡಿ: ವಾಚ್ ದಿನಕ್ಕೆ ಕನಿಷ್ಠ 10 ಗಂಟೆ ಕಟ್ಟಿರಿ. ಅದಕ್ಕೆ ಕಾಣದ ಸೈಕಲ್, ಭಾರ, ವಾಚ್ ಬಿಚ್ಚಿಟ್ಟು ಮಾಡಿದ ಈಜು ಇವನ್ನು ಮಾತ್ರ ಅವತ್ತೇ ರಾತ್ರಿ ಒಂದು ಚೀಟಿಯಲ್ಲಿ ಬರೆದಿಡಿ. ವಾರ ಕಳೆದು ನೆನಪಿಸಿಕೊಂಡರೆ ಮತ್ತೆ 5 ಗಂಟೆಯೇ ಆಗುತ್ತದೆ.