ಉದ್ದ ಕೂದಲಿನ ಪುಟ್ಟ ಬಿಳಿ ನಾಯಿಗೆ ಯಾವ ಶಾಂಪೂ, ಯಾವ ಬಾಚಣಿಗೆ ತಗೊಳ್ಳಬೇಕು?

ಮಾಲ್ಟೀಸ್‌ನಂಥ ನಾಯಿಗೆ ಶಾಂಪೂಗಿಂತ ಮೊದಲು ಒಳ್ಳೇ ಸ್ಟೀಲ್ ಬಾಚಣಿಗೆ ತಗೊಳ್ಳಿ. ಅದರ ಅರ್ಧ ಭಾಗದ ಹಲ್ಲುಗಳು ದೂರ ದೂರ, ಉಳಿದರ್ಧ ಒತ್ತಾಗಿರಲಿ. ಕಿವಿ ಹಿಂದೆ, ಕಂಕುಳಲ್ಲಿ, ಕಾಲರ್ ಕೆಳಗೆ ಗಂಟು ಬೇಗ ಕಟ್ಟುತ್ತದೆ. ಸ್ನಾನಕ್ಕೆ ಮುಂಚೆಯೇ ಬಿಡಿಸಿ. ನೀರು ಬಿದ್ದರೆ ಇನ್ನೂ ಬಿಗಿಯಾಗುತ್ತದೆ, ಪಾಪ ನಾಯಿಗೆ ನೋವು. ಬಾಚುವಾಗ ಸಿಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಹಾಕಿ.

ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ. ಹಾಗಾಗಿ ನಮ್ಮ ಶಾಂಪೂ ಬೇಡ. ನಾಯಿಗೆಂದೇ ಮಾಡಿದ, ಪರಿಮಳ ಜಾಸ್ತಿ ಇಲ್ಲದ ಶಾಂಪೂ, ಜೊತೆಗೊಂದು ಕಂಡೀಷನರ್ ಸಾಕು. ಬಿಳುಪಿನ ಶಾಂಪೂಗಳಲ್ಲಿ ಸಾಮಾನ್ಯವಾಗಿ ಇರುವ ನೀಲಿ-ನೇರಳೆ ಬಣ್ಣ ಹಳದಿಯನ್ನು ಮರೆಮಾಡುತ್ತದೆ ಅಷ್ಟೇ. ಬ್ಲೀಚ್ ಇದ್ದರೆ ಮುಟ್ಟಲೇಬೇಡಿ. ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷ.

ಕಣ್ಣಿನ ಕೆಳಗಿನ ಕಂದು ಕಲೆ ಬರುವುದು ಕಣ್ಣೀರಿನಲ್ಲಿರುವ ಪೋರ್ಫಿರಿನ್ ಎಂಬ ಬಣ್ಣದ ವಸ್ತುವಿನಿಂದ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಕಲೆ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಪಶುವೈದ್ಯರಿಗೆ ತೋರಿಸಿ.