ಕೊಹಿಮಾ ಯುದ್ಧ ಸ್ಮಾರಕಕ್ಕೆ ಗೈಡ್ ಇಲ್ಲದೆ ಹೋಗಿಬರಬಹುದೇ? ಹಾರ್ನ್‌ಬಿಲ್ ಉತ್ಸವದ ಜೊತೆಗೇ ಮುಗಿಸಬಹುದೇ?

ನಿಮ್ಮ ತಂದೆಯವರ ಚಿಕ್ಕಪ್ಪ ಎರಡನೆಯ ಮಹಾಯುದ್ಧದಲ್ಲಿ ಕೊಹಿಮಾ ಕಡೆ ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ, ಈಗ ವಯಸ್ಸಾದ ತಂದೆಯವರನ್ನು ಕರೆದುಕೊಂಡು ಹೋಗಿ ಆ ಹೆಸರನ್ನು ತೋರಿಸಬೇಕೆಂದಿದ್ದೀರಿ. ನಾನೂ ಹೀಗೆಯೇ ನನ್ನ ತಾಯಿಯನ್ನು ಕರೆದುಕೊಂಡು ಹೊರಟವನು. ಆದ್ದರಿಂದ ಗೈಡ್ ಬೇಕೇ ಬೇಡವೇ, ಎರಡು ದಿನ ಸಾಕೇ ಎಂಬ ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ನೀವು ಹೋಗಬೇಕಾದದ್ದು ಕೊಹಿಮಾಗೇ ಎಂಬುದು ಮೊದಲು ಖಚಿತವಾಗಲಿ.

ನಮ್ಮ ತಾಯಿಯ ದೊಡ್ಡಪ್ಪ ಕೋಲಾರ ಸೀಮೆಯವರು. ಬೆಂಗಳೂರಿನಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿ, ಬರ್ಮಾ ಗಡಿಗೆ ಹೋಗಿ, ಮರಳಲಿಲ್ಲ. ಅದೇ ಊರಿನಿಂದ ಸೈನ್ಯಕ್ಕೆ ಸೇರಿ ಯುದ್ಧ ಮುಗಿದ ಮೇಲೆ ಬದುಕಿ ಬಂದ ಒಬ್ಬಿಬ್ಬರು ಜಗಲಿಯ ಮೇಲೆ ಕುಳಿತು ಕೊಹಿಮಾ, ಇಂಫಾಲ ಎಂದು ಕಥೆ ಹೇಳುತ್ತಿದ್ದರಂತೆ. ಅವರ ಬಾಯಿಂದ ಕೇಳಿದ ಊರಿನ ಹೆಸರೇ ಕಾಲಕ್ರಮದಲ್ಲಿ ನಮ್ಮ ದೊಡ್ಡಜ್ಜ ಸತ್ತ ಊರಾಗಿ ಮನೆಯಲ್ಲಿ ನೆಲೆಯೂರಿತು. ಟ್ರಂಕಿನಲ್ಲಿ ಒಂದು ಬರ್ಮಾ ಸ್ಟಾರ್ ಪದಕವೂ ಇತ್ತು. ಇಷ್ಟು ಪುರಾವೆ ಸಾಕೆಂದು ನಾನು ವಿಮಾನದ ಟಿಕೆಟ್ ತೆಗೆದೆ.

ಕೊಹಿಮಾದ ಸ್ಮಶಾನವು ಗ್ಯಾರಿಸನ್ ಹಿಲ್ ಎಂಬ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಸಮಾಧಿಗಳು 1420, ಅವುಗಳಲ್ಲಿ ಸುಮಾರು 330 ಭಾರತೀಯರವು, ಉಳಿದವು ಬಹುಪಾಲು ಬ್ರಿಟಿಷರವು. ಹಿಂದೂ ಮತ್ತು ಸಿಖ್ ಸೈನಿಕರನ್ನು ಅವರವರ ಸಂಪ್ರದಾಯದಂತೆ ದಹನ ಮಾಡಿದ್ದರಿಂದ ಅವರಿಗೆ ಸಮಾಧಿಯಿಲ್ಲ. ಅಂಥ 917 ಮಂದಿಯ ಹೆಸರುಗಳು ಗುಡ್ಡದ ಅತಿ ಎತ್ತರದ ಭಾಗದಲ್ಲಿರುವ ಕ್ರಿಮೇಷನ್ ಮೆಮೋರಿಯಲ್‌ನಲ್ಲಿವೆ. ಬರುವವರಲ್ಲಿ ಹೆಚ್ಚಿನವರು ಕೆಳಗಿನ ಬ್ರಿಟಿಷ್ ಎರಡನೆಯ ಡಿವಿಷನ್ನಿನ ದೊಡ್ಡ ನಿಲುಗಲ್ಲಿನ ಮುಂದೆ, "ಮನೆಗೆ ಮರಳಿದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗಾಗಿ ನಮ್ಮ ಇಂದನ್ನು ಕೊಟ್ಟೆವು ಎನ್ನಿ" ಎಂಬರ್ಥದ, ಲೋಕವೆಲ್ಲ ಬಲ್ಲ ಎರಡು ಸಾಲುಗಳ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನಮ್ಮವರ ಹೆಸರುಗಳಿರುವ ತುದಿಯವರೆಗೆ ಹತ್ತುವವರು ಕಡಿಮೆ. ಇದನ್ನು ನೋಡಿದಾಗ ನನಗೆ ಸಿಟ್ಟು ಬಂದದ್ದು ನಿಜ.

ಅಮ್ಮನಿಗೆ ಮಂಡಿನೋವು. ಪ್ರತಿ ಹಂತದಲ್ಲಿಯೂ ನಿಂತು, ಕಲ್ಲಿನ ಮೇಲೆ ಕೂರಿಸಿದ ಕಂಚಿನ ಪಟ್ಟಿಗಳಲ್ಲಿನ ವಯಸ್ಸನ್ನು ಮಾತ್ರ ನನ್ನಿಂದ ಓದಿಸಿಕೊಂಡು, ಇಪ್ಪತ್ತು, ಇಪ್ಪತ್ತೆರಡು, ಹತ್ತೊಂಬತ್ತು ಎಂದು ಕೇಳುತ್ತ ಮೇಲೇರಿದರು. ತುದಿಯ ಸ್ಮಾರಕದಲ್ಲಿ ನಾನು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಹೆಸರಿರಲಿಲ್ಲ. ಕಣ್ಣು ತಪ್ಪಿರಬಹುದೆಂದು ಮತ್ತೆ ಮೊದಲಿನಿಂದ ಓದಿದೆ. ಅಷ್ಟರಲ್ಲಿ ಬೆಳಕು ಇಳಿಯಿತು. ಅಮ್ಮ, "ಇಲ್ಲೇ ಎಲ್ಲೋ ಇರ್ತಾರೆ ಬಿಡಪ್ಪ, ನೀನು ಸರಿಯಾಗಿ ನೋಡಿಲ್ಲ" ಎಂದರು.

ರಾತ್ರಿ ವಸತಿಗೃಹದಲ್ಲಿ ಕುಳಿತು, ಊರಲ್ಲಿದ್ದಾಗಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಈ ಸ್ಮಶಾನಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಮಡಿದ ಬ್ರಿಟಿಷ್ ಭಾರತದ ಸೈನಿಕರ ದಾಖಲೆಗಳಿವೆ. ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಅಲ್ಲಿ ನಮ್ಮ ದೊಡ್ಡಜ್ಜನ ಹೆಸರು ಸಿಕ್ಕಿತು. ಮರಣದ ವರ್ಷ 1942. ಕೊಹಿಮಾ ಕಾಳಗ ನಡೆದದ್ದು 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ. ಎಂದರೆ, ಜಪಾನೀಯರು ರಂಗೂನನ್ನು ಹಿಡಿದು ನಮ್ಮ ಸೈನ್ಯವು ಬರ್ಮಾದುದ್ದಕ್ಕೂ ಹಿಮ್ಮೆಟ್ಟಿದ ವರ್ಷದಲ್ಲಿಯೇ ಅವರು ತೀರಿಹೋಗಿದ್ದರು. ಕೊಹಿಮಾದ ಗುಡ್ಡವನ್ನು ಅವರು ಕಣ್ಣಿನಿಂದಲೂ ಕಂಡಿರಲಾರರು. ಅವರ ಹೆಸರಿರುವುದು ಮ್ಯಾನ್ಮಾರಿನ ಯಾಂಗೊನ್ ನಗರದ ಉತ್ತರಕ್ಕೆ, ಟಾಕ್ಯಾನ್ ಯುದ್ಧ ಸ್ಮಶಾನದೊಳಗಿನ ರಂಗೂನ್ ಮೆಮೋರಿಯಲ್‌ನಲ್ಲಿ. ಸಮಾಧಿಯೂ ಗೊತ್ತಿಲ್ಲದ, ದಹನದ ದಾಖಲೆಯೂ ಇಲ್ಲದ ಸುಮಾರು 27,000 ಸೈನಿಕರ ಹೆಸರುಗಳು ಅಲ್ಲಿವೆ.

ಈ ತಪ್ಪನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನೀವೂ ಅದರ ಅಂಚಿನಲ್ಲಿಯೇ ನಿಂತಿದ್ದೀರಿ. ನಾನು ಹುಡುಕದೆ ಹೊರಟದ್ದು ಸೋಮಾರಿತನದಿಂದಲ್ಲ, ಗೊತ್ತಿದೆಯೆಂಬ ಧೈರ್ಯದಿಂದ. ಬರ್ಮಾ ಸ್ಟಾರ್ ಇದೆಯಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಆ ಪದಕವನ್ನು 1941ರ ಡಿಸೆಂಬರಿನಿಂದ 1945ರ ಸೆಪ್ಟೆಂಬರಿನವರೆಗೆ ಬರ್ಮಾ ರಂಗದಲ್ಲಿ ದುಡಿದವರಿಗೆಲ್ಲ ಕೊಟ್ಟಿದ್ದಾರೆ. ಅದರಿಂದ ಊರೂ ತಿಳಿಯುವುದಿಲ್ಲ, ವರ್ಷವೂ ತಿಳಿಯುವುದಿಲ್ಲ. ಪದಕವನ್ನು ತಿರುಗಿಸಿ ನೋಡಿದ್ದರೆ ಬೇರೆ ಮಾತು. ಭಾರತೀಯ ಸೈನಿಕರಿಗೆ ಕೊಟ್ಟ ಆ ಕಾಲದ ನಕ್ಷತ್ರ ಪದಕಗಳ ಹಿಂಬದಿಯಲ್ಲಿ, ದುಂಡು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಇಷ್ಟನ್ನೂ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ನಾನು ಚಿಕ್ಕಂದಿನಿಂದ ಕೈಯಲ್ಲಿ ಹಿಡಿದು ಆಡಿದ ಪದಕ ಅದು. ಹುಣಸೆಹಣ್ಣು ಹಚ್ಚಿ ಉಜ್ಜಿ ಹೊಳೆಯಿಸಿದ್ದೇನೆ, ಹಿಂಬದಿಯನ್ನು ಒಮ್ಮೆಯೂ ಓದಿಲ್ಲ. ಆ ಸಂಖ್ಯೆಯೊಂದಿದ್ದರೆ ಹುಡುಕಾಟವು ಸಂಜೆಯ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಆಗ ಅಮ್ಮನ ಕಾಲು ನಡೆಯುತ್ತಿದ್ದ ಕಾಲದಲ್ಲಿಯೇ ಯಾಂಗೊನ್ನಿಗೆ ಟಿಕೆಟ್ ತೆಗೆಯುತ್ತಿದ್ದೆ. ಈಗ ಅವರಿಗೂ ಆಗದು. 2021ರ ಸೈನಿಕ ಕ್ರಾಂತಿಯ ನಂತರ ಆ ದೇಶವೂ ವಯಸ್ಸಾದವರನ್ನು ಕರೆದೊಯ್ಯುವ ಸ್ಥಿತಿಯಲ್ಲಿಲ್ಲ.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಟ್ರಂಕ್ ತೆಗೆಯಿರಿ. ಪದಕವಿದ್ದರೆ ತಿರುಗಿಸಿ ನೋಡಿ, ಹಳೆಯ ಪಿಂಚಣಿ ಕಾಗದವಿದ್ದರೆ ಅದರಲ್ಲಿ ಸಂಖ್ಯೆ ಇರಬಹುದು. ಎರಡೂ ಇಲ್ಲದಿದ್ದರೆ ಹೆಸರಿನಿಂದ ಹುಡುಕಬೇಕು, ಅದು ಕಷ್ಟ. ನಮ್ಮ ಹೆಸರುಗಳನ್ನು ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ. ಕೊನೆಯ "ಅಪ್ಪ", "ಅಯ್ಯ"ಗಳು ಒಮ್ಮೆ ಬಿಟ್ಟುಹೋಗಿರುತ್ತವೆ, ಇನ್ನೊಮ್ಮೆ ಬೇರೆಯೇ ರೂಪದಲ್ಲಿರುತ್ತವೆ. ಅದಕ್ಕಿಂತ, ದಾಖಲೆಯ ಹೆಚ್ಚುವರಿ ಮಾಹಿತಿ ಎಂಬ ಭಾಗದಲ್ಲಿ ಊರಿನ ಹೆಸರನ್ನು ಹುಡುಕುವುದು ಲೇಸು. ಬಹಳಷ್ಟು ದಾಖಲೆಗಳಲ್ಲಿ ಇಂಥವರ ಮಗ, ಇಂಥವಳ ಗಂಡ, ಮೈಸೂರು ಸಂಸ್ಥಾನದ ಇಂಥ ಊರಿನವನು ಎಂದು ಬರೆದಿರುತ್ತದೆ. ನಮಗೆ ಸಿಕ್ಕದ್ದೂ ಹಾಗೆಯೇ. ದೊಡ್ಡಜ್ಜನ ಹೆಸರು ಗುರುತು ಸಿಗದಷ್ಟು ಕೆಟ್ಟಿತ್ತು, ಮುತ್ತಜ್ಜಿಯ ಹೆಸರು ಮಾತ್ರ ನೆಟ್ಟಗಿತ್ತು. ದಳ ಯಾವುದೆಂದು ತಿಳಿದಿದ್ದರೆ ಅದರ ದಾಖಲೆ ಕಚೇರಿಗೂ ಪತ್ರ ಬರೆಯಿರಿ. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ದೂರ ಹೋಗಬೇಕಾಗಿಲ್ಲ, ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ.

ಹುಡುಕಿದಾಗ ರಂಗೂನ್ ಎಂದು ಬಂದರೆ ಏನು ಮಾಡಬೇಕೆಂಬುದು ನಿಮ್ಮ ಮನೆಯ ವಿಚಾರ. ಇಂಫಾಲ ಎಂದು ಬಂದರೆ, ಅಲ್ಲಿ ಭಾರತೀಯ ಸೈನಿಕರಿಗೆಂದೇ ಇಂಡಿಯನ್ ಆರ್ಮಿ ವಾರ್ ಸಿಮೆಟ್ರಿ ಎಂಬ ಪ್ರತ್ಯೇಕ ಸ್ಮಶಾನವೂ ಅದರೊಳಗೊಂದು ದಹನ ಸ್ಮಾರಕವೂ ಇವೆ ಎಂಬುದನ್ನು ನೆನಪಿಡಿ. ಆಟೋದವರು ಅದರ ಬದಲು ಇಂಫಾಲ ವಾರ್ ಸಿಮೆಟ್ರಿ ಎಂಬ ಇನ್ನೊಂದು ಸ್ಮಶಾನಕ್ಕೆ ಕರೆದೊಯ್ಯುವುದುಂಟು. ಮಣಿಪುರದಲ್ಲಿ 2023ರ ಮೇ ತಿಂಗಳಿನಿಂದ ನಡೆದಿರುವ ಹಿಂಸಾಚಾರದಿಂದಾಗಿ ಕೊಹಿಮಾದಿಂದ ರಸ್ತೆಯಲ್ಲಿ ಇಂಫಾಲಕ್ಕೆ ಇಳಿಯುವ ಯೋಜನೆಯನ್ನು, ತಂದೆಯವರು ಜೊತೆಗಿರುವಾಗ, ನಾನಾದರೆ ಹಾಕಿಕೊಳ್ಳುವುದಿಲ್ಲ.

ಕೊಹಿಮಾ ಎಂದೇ ಬಂದರೆ ಸಂತೋಷ. ಆಗಲೂ ನಾಗಾ ಬುಡಕಟ್ಟುಗಳ ಹಾರ್ನ್‌ಬಿಲ್ ಉತ್ಸವದ ಹೊತ್ತು ಬೇಡ. ಡಿಸೆಂಬರ್ 1ರಿಂದ 10ರವರೆಗೆ ಊರಿನ ಕೋಣೆಗಳೆಲ್ಲ ತುಂಬಿ ಬಾಡಿಗೆ ಏರುತ್ತದೆ, ಉತ್ಸವ ನಡೆಯುವ ಕಿಸಾಮಾದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಸಾಲದ್ದಕ್ಕೆ ಆ ತಿಂಗಳಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ. ಉತ್ಸವ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಉತ್ಸವಕ್ಕೆ ಹೋದವರು ಸ್ಮಶಾನವನ್ನು ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿಗೆ ತುರುಕುತ್ತಾರೆ, ಅಷ್ಟೇ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಉತ್ತಮ. ಕಿಸಾಮಾದಲ್ಲಿರುವ ಯುದ್ಧ ವಸ್ತುಸಂಗ್ರಹಾಲಯವನ್ನು ಆಗ ನೆಮ್ಮದಿಯಾಗಿ ನೋಡಬಹುದು.

ಗೈಡ್ ವಿಚಾರಕ್ಕೆ ಬರುತ್ತೇನೆ. ಸ್ಮಶಾನದ ಒಳಗೆ ಅಗತ್ಯವಿಲ್ಲ. ಆದರೆ ಏನು ನೋಡುತ್ತಿದ್ದೇವೆಂದು ಓದಿಕೊಂಡು ಹೋಗದಿದ್ದರೆ ಅದು ಚೆಂದದ ಹೂದೋಟದಂತೆ ಕಂಡು ಮರೆತುಹೋಗುತ್ತದೆ. ಆ ಸ್ಮಶಾನವೇ ರಣರಂಗ. ಮೇಲಿನ ಹಂತವೊಂದರಲ್ಲಿ ಬಿಳಿಯ ಗೆರೆಗಳಿಂದ ಗುರುತು ಮಾಡಿರುವ ಚೌಕವು ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳ. ಜನರಲ್ ಸಾಟೋನ 31ನೆಯ ಡಿವಿಷನ್ನಿನ ಸುಮಾರು 15,000 ಜಪಾನೀ ಸೈನಿಕರು ಏರಿ ಬಂದಾಗ ಗುಡ್ಡದ ಮೇಲಿದ್ದವರು ಸುಮಾರು 2500 ಜನ, ಅವರಲ್ಲಿ ಅನೇಕರು ಕಾಳಗದವರೇ ಅಲ್ಲ. ಒಂದು ಹಂತದಲ್ಲಿ ಅಂಗಳದ ಈ ಅಂಚಿನಲ್ಲಿ ಇವರು, ಆ ಅಂಚಿನಲ್ಲಿ ಅವರು ಕಂದಕ ತೋಡಿಕೊಂಡು, ಚೆಂಡು ಹಾಯುತ್ತಿದ್ದ ಜಾಗದಲ್ಲಿ ಕೈಬಾಂಬುಗಳನ್ನು ಎಸೆದುಕೊಂಡರು. ಮುತ್ತಿಗೆಗೆ ಸಿಕ್ಕವರನ್ನು ಬಿಡಿಸಿದ ಮೇಲೂ ಆ ಅಂಗಳ ಕೈಗೆ ಬಂದದ್ದು ಮೇ 13ರಂದು, ಎಂಜಿನಿಯರ್ ದಳದವರು ಬುಲ್ಡೋಜರಿನಿಂದ ದಾರಿ ಕೊರೆದು ಒಂದು ಟ್ಯಾಂಕನ್ನು ಅಲ್ಲಿಗೆ ತಲುಪಿಸಿದಾಗ. ಅಮ್ಮ ಆ ಗೆರೆಯ ಪಕ್ಕ ಕುಳಿತು, ಇಷ್ಟೇ ಇಷ್ಟು ಜಾಗಕ್ಕಾ ಎಂದು ಕೇಳಿದಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಲ್ಲಿ ಕಾದಾಡಿದವರು ಬ್ರಿಟಿಷರು ಮಾತ್ರವಲ್ಲ, ಅಸ್ಸಾಂ ರೆಜಿಮೆಂಟ್, ಪಂಜಾಬ್ ಮತ್ತು ರಜಪೂತ ದಳಗಳೂ ಇದ್ದವು, ಮನೆಮಠ ಸುಟ್ಟುಹೋದದ್ದು ಅಂಗಾಮಿ ನಾಗಾ ಜನರದು ಎಂಬುದು ಕೂಡ ತಿಳಿದದ್ದು ಆಮೇಲೆ.

ಸ್ಮಶಾನದ ಹೊರಗೆ ಮಾತ್ರ ಸ್ಥಳೀಯರೊಬ್ಬರು ಬೇಕೇ ಬೇಕು. ಜೈಲ್ ಹಿಲ್, ಕುಕಿ ಪಿಕೆಟ್, ನಾಗಾ ಗ್ರಾಮ, ಜೊತ್ಸೋಮಾ ಎಂದು ಕಾಳಗದ ಕಥೆಯಲ್ಲಿ ಓದಿದ ಜಾಗಗಳ ಮೇಲೆಲ್ಲ ಈಗ ಊರು ಬೆಳೆದಿದೆ, ಹಲವು ದಳಗಳ ಸ್ಮಾರಕಕಲ್ಲುಗಳು ಮನೆ ಅಂಗಡಿಗಳ ನಡುವೆ ಸೇರಿಹೋಗಿವೆ, ಭೂಮಿ ಗ್ರಾಮದವರದು. ಅಲ್ಲಿ ನಕ್ಷೆ ಹಿಡಿದು ಯಾರದೋ ಅಂಗಳಕ್ಕೆ ನುಗ್ಗುವುದು ಮರ್ಯಾದೆಯೂ ಅಲ್ಲ.

ಇನ್ನು ಪ್ರಯಾಣ. ನಾಗಾಲ್ಯಾಂಡಿಗೆ ಇನ್ನರ್ ಲೈನ್ ಪರ್ಮಿಟ್, ಎಂದರೆ ಹೊರರಾಜ್ಯದವರ ಪ್ರವೇಶ ಪರವಾನಗಿ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಡಿಮಾಪುರಕ್ಕೆ ಬೇಡವೆಂದು ಹಳೆಯ ಬರಹಗಳಲ್ಲಿ ಓದಿ ನಂಬಬೇಡಿ, 2019ರ ಡಿಸೆಂಬರಿನಿಂದ ಅಲ್ಲಿಗೂ ಬೇಕು. ವಿಮಾನವಾಗಲಿ ರೈಲಾಗಲಿ ಡಿಮಾಪುರದವರೆಗೆ, ಅಲ್ಲಿಂದ ಕೊಹಿಮಾ ಸುಮಾರು 74 ಕಿಲೋಮೀಟರ್ ಗುಡ್ಡದ ರಸ್ತೆ, ಮಳೆಗಾಲದಲ್ಲಿ ಕುಸಿಯುವ ರಸ್ತೆ. ಹಂಚಿಕೊಂಡು ಹೋಗುವ ಸುಮೋಗಳು ಸಿಗುತ್ತವಾದರೂ ಹಿರಿಯರಿಗಾಗಿ ಇಡೀ ಗಾಡಿಯನ್ನೇ ಗೊತ್ತುಮಾಡಿ. ಭಾನುವಾರ ಮಾತ್ರ ತಲುಪಬೇಡಿ. ಅಂದು ಊರೆಲ್ಲ ಚರ್ಚಿನಲ್ಲಿರುತ್ತದೆ, ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ, ಗಾಡಿಗಳೂ ಸಿಗುವುದು ಕಷ್ಟ. ಎರಡು ದಿನದ ಲೆಕ್ಕವನ್ನು ಬಿಟ್ಟು, ತಲುಪಿದ ದಿನ ವಿಶ್ರಾಂತಿ, ಮರುದಿನ ಬೆಳಗಿನಿಂದ ಸ್ಮಶಾನ ಒಂದೇ ಎಂದು ಇಟ್ಟುಕೊಳ್ಳಿ. ತಂದೆಯವರು ತುದಿಯವರೆಗೆ ಹತ್ತಬೇಕಾಗಿರುವುದರಿಂದ ಕೈಗೋಲು, ನೀರು, ಕೂರಲು ಒಂದು ಮಡಿಸುವ ಸ್ಟೂಲು ಇರಲಿ. ಹೆಸರು ಎಷ್ಟನೆಯ ಫಲಕದಲ್ಲಿದೆಯೆಂದು ಕಮಿಷನ್ನಿನ ದಾಖಲೆಯಲ್ಲಿ ಕೊಟ್ಟಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಜೇಬಿನಲ್ಲಿಯೇ ಇಡಿ, ಅವರೇ ಹುಡುಕಿಕೊಳ್ಳಲಿ.