ಸ್ಕೂಲ್ ಡೇ ಫೋಟೋ ಯಾರ್ಯಾರ ಮೊಬೈಲಿಗೆ ಹೋಗ್ಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಡಿಸೆಂಬರ್ ಬಂತು ಅಂದ್ರೆ ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವ, ಮಕ್ಕಳ ಸಂತೆ, ಕ್ರೀಡಾಕೂಟ ಅಂತ ಒಂದಾದ ಮೇಲೊಂದು ಇರ್ತದೆ, ಅದರ ಹಿಂದೇನೇ ಫೋಟೋ, ರೀಲ್ಸ್, ಸ್ಟೇಟಸ್. ನಾಲ್ಕು ಪತ್ರ ಆರಿಸ್ಕೊಂಡಿದೀನಿ. ಹೆಸರು ಹಾಕಬೇಡಿ ಅಂತ ನಾಲ್ಕೂ ಜನ ಕೇಳ್ಕೊಂಡಿದಾರೆ.

ಪ್ರಶ್ನೆ: ನನ್ನ ಮಗಳು ಮೂರನೇ ಕ್ಲಾಸು. ಸ್ಕೂಲ್ ಡೇನಲ್ಲಿ ಕೋಲಾಟ ಆಡಿದ್ಲು. ಶಾಲೆಯವರು ವಿಡಿಯೋನ ಫೇಸ್‌ಬುಕ್‌ಗೆ ಹಾಕಿದ್ರು, ಕೆಳಗೆ ಮಕ್ಕಳ ಹೆಸರು, ಕ್ಲಾಸು ಎಲ್ಲಾ ಬರೆದು. ಈಗ ಯಾವುದೋ ಗುರುತಿಲ್ಲದ ಪೇಜಿನವರು ಅದನ್ನ ಕತ್ತರಿಸಿ, ನನ್ನ ಮಗಳೊಬ್ಬಳದ್ದೇ ರೀಲ್ ಮಾಡಿ, ಬೇರೆ ಹಾಡು ಹಾಕಿದಾರೆ. ಕಾಮೆಂಟ್ ಓದಿ ರಾತ್ರಿ ನಿದ್ದೆ ಬಂದಿಲ್ಲ. ಮನೇಲಿ ಹೇಳಿದ್ರೆ ‘ಫೇಮಸ್ ಆದ್ಲಲ್ಲ ಬಿಡು’ ಅಂತಾರೆ. ನಾನು ಅತಿಯಾಗಿ ಯೋಚನೆ ಮಾಡ್ತಿದೀನಾ?
– ಒಬ್ಬ ತಾಯಿ, ತಿಪಟೂರು

ಉತ್ತರ: ಇಲ್ಲಮ್ಮ, ಖಂಡಿತ ಅತಿ ಅಲ್ಲ. ನಿಮ್ಮ ಮಗಳು ಶಾಮಿಯಾನದ ಕೆಳಗೆ ಕೋಲಾಟ ಆಡಿದಾಗ ಎದುರಿಗೆ ಕೂತಿದ್ದೋರು ಯಾರು ಅಂತ ನಿಮಗೆ ಗೊತ್ತಿತ್ತು, ಪಕ್ಕದ ಬೀದಿಯೋರು, ಅವಳ ಗೆಳತಿಯರ ಅಪ್ಪ ಅಮ್ಮ, ಶಾಲೆ ಅಡುಗೆಯವರು. ಆ ಜನರ ಮುಂದೆ ಆಡೋಕೆ ಮಗು ಒಪ್ಪಿತ್ತು, ನೀವೂ ಒಪ್ಪಿದ್ರಿ. ಯಾರು ನೋಡ್ತಾರೋ ಗೊತ್ತಿಲ್ಲದ ಕಡೆ ಅದನ್ನ ಹಾಕೋಕೆ ನಿಮ್ಮನ್ನಾಗಲಿ ಅವಳನ್ನಾಗಲಿ ಯಾರೂ ಕೇಳಲೇ ಇಲ್ಲ. ನಿಮ್ಮ ಹೊಟ್ಟೆ ಉರಿಯೋದು ಅದಕ್ಕೇ, ಉರೀಬೇಕಾದ್ದೇ.

ಈಗ ಮಾಡಬೇಕಾದ್ದು ಹೇಳ್ತೀನಿ. ಮೊದಲು ಆ ರೀಲಿನ ಲಿಂಕು, ಪೇಜಿನ ಹೆಸರು, ಆ ಕಾಮೆಂಟುಗಳ ಸ್ಕ್ರೀನ್‌ಶಾಟ್ ಎತ್ತಿಟ್ಕೊಳ್ಳಿ, ಯಾಕಂದ್ರೆ ಅವರು ಡಿಲೀಟ್ ಮಾಡಿ ಓಡಿಹೋದ್ರೆ ಕೈಯಲ್ಲಿ ಸಾಕ್ಷಿ ಇರಲ್ಲ. ಆಮೇಲೆ ಆ ಆ್ಯಪಲ್ಲೇ ರಿಪೋರ್ಟ್ ಕೊಡಿ. ಅಲ್ಲಿ ಕಾಮೆಂಟ್ ಹಾಕಿ ಜಗಳಕ್ಕೆ ಮಾತ್ರ ನಿಲ್ಲಬೇಡಿ, ಕಾಮೆಂಟ್ ಬಿದ್ದಷ್ಟೂ ಅದು ಇನ್ನಷ್ಟು ಜನಕ್ಕೆ ಹೋಗ್ತದೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೇ ಬೇರೆ ವಿಭಾಗ ಇದೆ, ಅಲ್ಲಿ ದೂರು ಹಾಕಿ, 1930ಕ್ಕೂ ಫೋನ್ ಮಾಡಬಹುದು. ಇದೆಲ್ಲ ಗೋಜಲು ಅನ್ನಿಸಿದ್ರೆ 1098 ಮಕ್ಕಳ ಸಹಾಯವಾಣಿ, ಯಾವ ಹೊತ್ತಲ್ಲಾದ್ರೂ ಮಾಡಿ. ಇನ್ನೊಂದು ಮಾತು ಎಲ್ಲಾ ಓದುಗರಿಗೂ. ಯಾವುದಾದ್ರೂ ಮಗುವಿನ ಚಿತ್ರವನ್ನ ಅಶ್ಲೀಲವಾಗಿ ತಿದ್ದಿದಾರೆ ಅಂತಾದ್ರೆ ಅದನ್ನ ಸೇವ್ ಮಾಡಬೇಡಿ, ‘ನೋಡಿ ಹಿಂಗಾಗಿದೆ’ ಅಂತ ಇನ್ನೊಬ್ಬರಿಗೆ ಕಳಿಸಲೂಬೇಡಿ. ಲಿಂಕು ಬರೆದಿಟ್ಕೊಂಡು ನೇರ ಪೊಲೀಸರ ಹತ್ರ ಹೋಗಿ. ಐಟಿ ಕಾಯ್ದೆಯ 67ಬಿ ಪ್ರಕಾರ ಅಂಥದ್ದನ್ನ ಹಂಚೋದೇ ಅಪರಾಧ, ಒಳ್ಳೆ ಮನಸ್ಸಿಂದ ಹಂಚಿದ್ರೂ ಆ ಮಗುವಿಗೆ ಆಗೋ ಗಾಯ ಒಂದೇ.

ಶಾಲೆಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಇನ್ನಿಬ್ಬರು ತಾಯಂದಿರನ್ನ ಕರ್ಕೊಂಡು ಹೋಗಿ. ಆ ಟೀಚರು ತಿಂಗಳುಗಟ್ಟಲೆ ಸಂಜೆ ನಿಂತು ಕೋಲಾಟ ಕಲಿಸಿರ್ತಾರೆ, ಮಾತು ಅಲ್ಲಿಂದ ಶುರು ಮಾಡಿ. ಆಮೇಲೆ ಮೂಲ ವಿಡಿಯೋ ತೆಗೀರಿ, ಹೆಸರು ಕ್ಲಾಸು ಅಳಿಸಿ ಅಂತ ಸ್ಪಷ್ಟವಾಗಿ ಕೇಳಿ, ಬರವಣಿಗೆಯಲ್ಲೂ ಕೊಡಿ. ಮುಖ, ಹೆಸರು, ಶಾಲೆ ಮೂರೂ ಒಂದೇ ಕಡೆ ಸಿಕ್ಕಿಬಿಟ್ರೆ ಮಗುವನ್ನ ಹುಡುಕಿಕೊಂಡು ಬರೋಕೆ ಬೇರೆ ಏನೂ ಬೇಕಾಗಲ್ಲ.

ಮಗಳಿಗೆ ಮಾತ್ರ ‘ನೀನು ಕುಣಿದಿದ್ದಕ್ಕೇ ಹಿಂಗಾಯ್ತು’ ಅನ್ನೋ ಥರ ಕೇಳಿಸಬಾರದು. ಮುಂದಿನ ವರ್ಷಾನೂ ಅವಳು ಕೋಲಾಟಕ್ಕೆ ಹೆಸರು ಕೊಡಲಿ.

ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ಫೋಟೋ ಹಾಕದಿದ್ರೆ ದಾನಿಗಳು ಬೇಜಾರಾಗ್ತಾರೆ, ದಾಖಲಾತಿಗೂ ಪ್ರಚಾರ ಬೇಕು. ಹಾಕಿದ್ರೆ ಕೆಲವು ಪೋಷಕರು ಬೈತಾರೆ. ಏನ್ ಮಾಡೋದು?
– ಹಾವೇರಿ ಜಿಲ್ಲೆಯಿಂದ

ಉತ್ತರ: ನಿಮ್ಮ ಕಷ್ಟ ನನಗೆ ಗೊತ್ತು ಸರ್, ನಾನೂ 31 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದೋನು. ನಾನೇ ಮಾಡಿದ ಒಂದು ತಪ್ಪನ್ನ ಮೊದಲು ಹೇಳ್ತೀನಿ. ವರ್ಷದ ಮಧ್ಯ ನಮ್ಮ ಶಾಲೆಗೆ ಒಬ್ಬ ಹುಡುಗಿ ಬಂದು ಸೇರಿದ್ಲು, ತಾಯಿ ತವರಿಗೆ ಬಂದಿದ್ರು, ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜನವರಿ 26ಕ್ಕೆ ಆ ಮಗು ಚೆಂದ ಭಾಷಣ ಮಾಡ್ತು, ನಾನು ಖುಷಿಯಲ್ಲಿ ಫೋಟೋ ತೆಗೆದು, ಮಗುವಿನ ಹೆಸರು ಶಾಲೆ ಹೆಸರು ಎರಡನ್ನೂ ಸೇರಿಸಿ ಹಾಕಿದೆ. ವಾರದೊಳಗೆ ಅವಳ ಅಪ್ಪ ಕುಡಿದು ಗೇಟಿನ ಹತ್ರ ಬಂದು ನಿಂತಿದ್ದ. ಆ ತಾಯಿ ಅವನಿಂದ ತಪ್ಪಿಸಿಕೊಂಡು ಬಂದಿದ್ರು. ಮಗುವಿಗೆ ಏನೂ ಆಗಲಿಲ್ಲ, ಆದ್ರೆ ಮರುದಿನವೇ ತಾಯಿ ಟಿಸಿ ತಗೊಂಡು ಬೇರೆ ಊರಿಗೆ ಹೋದ್ರು. ಅವಳು ಕೂರ್ತಿದ್ದ ಜಾಗ ವರ್ಷ ಮುಗಿಯೋ ತನಕ ಖಾಲಿ ಇತ್ತು.

ಅದಕ್ಕೇ ಹೇಳ್ತೀನಿ, ಬೇಡ ಅಂದ ಪೋಷಕರನ್ನ ಯಾಕೆ ಅಂತ ಕೇಳಬೇಡಿ. ಜಗಳದ ಮನೆ ಇರಬಹುದು, ಕೋರ್ಟ್ ಕೇಸಿರಬಹುದು, ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಲ್ಲಿ ನೊಂದ ಮಗು ಇರಬಹುದು, ಅಂಥ ಮಗುವಿನ ಗುರುತು ಮಾಧ್ಯಮದಲ್ಲಿ ಹೊರಗೆ ಹಾಕೋದಕ್ಕೆ ಕಾನೂನಲ್ಲೇ ನಿಷೇಧ ಇದೆ. ಅದನ್ನೆಲ್ಲ ಅವರು ನಿಮ್ಮ ಮುಂದೆ ಬಿಚ್ಚಿಡಬೇಕಾಗಿಲ್ಲ.

ಜೂನ್‌ನಲ್ಲಿ ದಾಖಲಾತಿ ಮಾಡುವಾಗಲೇ ಒಂದು ಪುಟದ ಒಪ್ಪಿಗೆ ಪತ್ರ ಇಟ್ಕೊಳ್ಳಿ, ಆಡು ಕನ್ನಡದಲ್ಲಿ, ಓದೋಕೆ ಬರದವರಿಗೆ ಓದಿ ಹೇಳಿ. ಶಾಲೆ ಗೋಡೆಗೆ ಹಾಕೋದಕ್ಕೆ ಒಪ್ಪಿಗೆನಾ, ಪೋಷಕರ ಗ್ರೂಪಿಗಾ, ಎಲ್ರಿಗೂ ಕಾಣೋ ಫೇಸ್‌ಬುಕ್, ಯೂಟ್ಯೂಬಿಗಾ, ಬೇರೆ ಬೇರೆಯಾಗಿ ಕೇಳಬೇಕು. ಗೋಡೆಗೆ ಹೂಂ ಅಂದೋರು ಯೂಟ್ಯೂಬಿಗೂ ಹೂಂ ಅಂದಂಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ರನ್ನೂ ಮಕ್ಕಳು ಅಂತಲೇ ಲೆಕ್ಕ ಹಾಕ್ತದೆ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅಂತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಟೈಮ್ ಕೊಟ್ಟಿದಾರೆ. ಆ ದಿನ ಬರಲಿ ಅಂತ ಕಾಯೋದು ಬೇಡ, ಕೇಳೋದು ನಮ್ಮ ಮರ್ಯಾದೆ.

ಇನ್ನು ದಾನಿಗಳು. ಬ್ಯಾಗ್ ಕೊಟ್ಟು, ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಒಂದೊಂದು ಕೈಗೂ ಕೊಡ್ತಾ ಫೋಟೋ ತೆಗೆಸಿಕೊಳ್ಳೋದು ನನಗಂತೂ ಯಾವತ್ತೂ ಹಿಡಿಸಿಲ್ಲ. ಮಗುವಿಗೆ ಅದು ಬ್ಯಾಗ್ ಸಿಕ್ಕ ಖುಷಿಗಿಂತ ತಾನು ಬಡವ ಅಂತ ಊರಿಗೆಲ್ಲ ಸಾರಿದಂಗೆ. ದಾನಿಗಳು, ಎಸ್‌ಡಿಎಂಸಿಯೋರು, ಮೇಷ್ಟ್ರುಗಳು ನಿಂತು ಫೋಟೋ ತೆಗೆಸಿಕೊಳ್ಳಿ, ಯಾರೂ ಬೇಡ ಅನ್ನಲ್ಲ. ಪ್ರಚಾರಕ್ಕೆ ಮಕ್ಕಳ ಸಂತೆಯ ತರಕಾರಿ ಗುಡ್ಡೆ, ಅವರೇ ಬರೆದ ರೇಟಿನ ಬೋರ್ಡು, ಮಣ್ಣಲ್ಲಿ ಮಾಡಿದ ಬಸವಣ್ಣ, ಹಿಂದಿನಿಂದ ತೆಗೆದ ಲೇಜಿಮ್ ಸಾಲು, ಇಷ್ಟಿದ್ರೆ ಬೇಕಾದಷ್ಟಾಯ್ತು. ಫೋಟೋಗೆ ಅಂತ ಒಬ್ಬರನ್ನೇ ನೇಮಿಸಿ. ಒಪ್ಪಿಗೆ ಇಲ್ಲದ ಮಕ್ಕಳ ಪಟ್ಟಿ ಅವರ ಹತ್ರ ಇರಲಿ, ಆದ್ರೆ ಆ ಮಕ್ಕಳಿಗೆ ಬೇರೆ ಬಣ್ಣದ ರಿಬ್ಬನ್ನು ಕಟ್ಟೋದು, ವೇದಿಕೆಯಿಂದ ಇಳಿಸೋದು ಖಂಡಿತ ಬೇಡ. ಅವರೂ ಕುಣೀಲಿ. ಮೈಕಲ್ಲಿ ಮೊದಲೇ ಹೇಳಿಬಿಡಿ, ನಿಮ್ಮ ಮಗುವಿನ ಫೋಟೋ ತೆಗೆದು ಮನೇಲಿ ಇಟ್ಕೊಳ್ಳಿ, ಬೇರೆಯವರ ಮಕ್ಕಳಿರೋದನ್ನ ಸ್ಟೇಟಸ್ಸಿಗೆ ಹಾಕಬೇಡಿ ಅಂತ. ಎರಡು ಸಲ ಹೇಳಿ, ಒಂದು ಸಲಕ್ಕೆ ಯಾರಿಗೂ ಕೇಳಿಸಿರಲ್ಲ.

ಪ್ರಶ್ನೆ: ಐದನೇ ಕ್ಲಾಸಿನ ಮೊಮ್ಮಗ ಗುಟ್ಟಾಗಿ ಇನ್‌ಸ್ಟಾಗ್ರಾಂ ಮಾಡ್ಕೊಂಡಿದಾನೆ. ಶಾಲೆಯ ಮಕ್ಕಳ ಸಂತೆಯಲ್ಲಿ ಒಬ್ಬಳು ಚಿಲ್ಲರೆ ಲೆಕ್ಕ ತಪ್ಪಿ ಅತ್ತಿದ್ದನ್ನ ವಿಡಿಯೋ ಮಾಡಿ ಹಾಕಿದಾನೆ, ಆ ಹುಡುಗಿ ಶಾಲೆಗೆ ಬರ್ತಿಲ್ಲವಂತೆ. ಫೋನ್ ಒಡೆದು ಹಾಕಲಾ ಅನ್ಸುತ್ತೆ.
– ಅಜ್ಜ, ಸಾಗರ

ಉತ್ತರ: ಫೋನ್ ಒಡೆದ್ರೆ ಅವನು ಗೆಳೆಯನ ಫೋನಲ್ಲಿ ಇನ್ನೂ ಗುಟ್ಟಾಗಿ ಮಾಡ್ತಾನೆ ಅಷ್ಟೇ. ಮೊದಲು ಆ ವಿಡಿಯೋ ಅವನ ಕೈಯಿಂದಲೇ ತೆಗೆಸಿ, ಇವತ್ತೇ. ಆಮೇಲೆ ಅವನನ್ನ ಕರ್ಕೊಂಡು, ಮಗನನ್ನೋ ಸೊಸೆಯನ್ನೋ ಜೊತೆ ಮಾಡ್ಕೊಂಡು ಆ ಹುಡುಗಿ ಮನೆಗೆ ಹೋಗಿ. ಮಧ್ಯ ಜಗಲಿಯಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸೋ ಶಿಕ್ಷೆ ಬೇಡ, ಅವಳ ಹತ್ರ ಅವನೇ ಎರಡು ಮಾತಾಡಲಿ. ಅವಳ ಮನೆಯವರು ಬೈದ್ರೆ ಬೈಸಿಕೊಂಡು ಬನ್ನಿ. ಕ್ಲಾಸ್ ಟೀಚರಿಗೂ ನೀವೇ ತಿಳಿಸಿ, ಯಾಕಂದ್ರೆ ಆ ಹುಡುಗಿ ವಾಪಸ್ ಬಂದ ದಿನ ಯಾರೂ ಚಿಲ್ಲರೆ ಅಂತ ರೇಗಿಸದಂಗೆ ನೋಡ್ಕೊಳ್ಳೋದು ಅವರ ಕೈಲಿದೆ.

ಇನ್‌ಸ್ಟಾಗ್ರಾಂಗೆ 13 ವರ್ಷ ಆಗಿರಬೇಕು ಅಂತ ಅವರದ್ದೇ ನಿಯಮ ಇದೆ. ಮೊಮ್ಮಗ ಸುಳ್ಳು ಹುಟ್ಟಿದ ವರ್ಷ ಕೊಟ್ಟಿರ್ತಾನೆ, ಅಪಾಯ ಇರೋದು ಅಲ್ಲೇ. ಅವನು ದೊಡ್ಡೋನು ಅಂತ ಆ್ಯಪ್ ನಂಬಿಬಿಡ್ತು, ಅಂದ್ರೆ ದೊಡ್ಡೋರಿಗೆ ತೋರಿಸೋದೆಲ್ಲ ಇವನಿಗೂ ತೋರಿಸ್ತದೆ. ಹದಿಹರೆಯದವರಿಗೆ ಅಂತ 2024ರಲ್ಲಿ ಅವರು ಬೇರೆ ಥರದ ಖಾತೆ ತಂದಿದಾರೆ, ತಾನಾಗೇ ಪ್ರೈವೇಟ್ ಆಗಿರ್ತದೆ, ಗುರುತಿಲ್ಲದವರ ಮೆಸೇಜಿಗೆ ತಡೆ ಇರ್ತದೆ, ಸುಳ್ಳು ವಯಸ್ಸು ಕೊಟ್ಟ ಮಗುವಿಗೆ ಆ ರಕ್ಷಣೆ ಸಿಗೋದೇ ಕಷ್ಟ. ಹಾಗಾಗಿ ಖಾತೆ ಮುಚ್ಚಿಸಿ. ಮುಚ್ಚೋ ಮುಂಚೆ ಪಕ್ಕ ಕೂತು ಯಾರ್ಯಾರು ಮೆಸೇಜ್ ಮಾಡಿದಾರೆ ಅಂತ ಅವನೇ ತೋರಿಸಲಿ, ಆಗ ಬೈಬೇಡಿ. ಬೈದ್ರೆ ತೋರಿಸೋದು ನಿಲ್ಲಿಸ್ತಾನೆ.

ಪ್ರಶ್ನೆ: ಪೋಷಕರ ವಾಟ್ಸಾಪ್ ಗ್ರೂಪಲ್ಲಿ ಕ್ರೀಡಾಕೂಟದ ಫೋಟೋ ಹಾಕಿದ್ರೂ ಸಮಸ್ಯೆನಾ? ನಾನು ಒಂದನೇ ಕ್ಲಾಸ್ ಟೀಚರ್.
– ಚಾಮರಾಜನಗರ

ಉತ್ತರ: ಪೋಷಕರ ಗ್ರೂಪು ಫೇಸ್‌ಬುಕ್‌ಗಿಂತ ಎಷ್ಟೋ ವಾಸಿ, ಆದ್ರೆ ಅದರಲ್ಲಿ ಯಾರಿದಾರೆ ಅಂತ ವರ್ಷಕ್ಕೊಂದು ಸಲ ಆದ್ರೂ ಎಣಿಸಿ ನೋಡಿ. ಶಾಲೆ ಬಿಟ್ಟು ಹೋದ ಮಕ್ಕಳ ಚಿಕ್ಕಪ್ಪ, ಹಳೇ ವ್ಯಾನ್ ಡ್ರೈವರ್ರು ಎಲ್ಲಾ ಇನ್ನೂ ಇರ್ತಾರೆ. ಅಡ್ಮಿನ್ ಮಾತ್ರ ಹಾಕೋ ಹಂಗೆ ಸೆಟ್ಟಿಂಗ್ ಮಾಡಿ. ಸಾಧ್ಯ ಆದ್ರೆ ವಾಟ್ಸಾಪ್ ಕಮ್ಯುನಿಟಿ ಮಾಡಿ, ಅದರ ಅನೌನ್ಸ್‌ಮೆಂಟ್ ಗ್ರೂಪಲ್ಲಿ ತಾಯಂದಿರ ನಂಬರು ಉಳಿದ ಪೋಷಕರಿಗೆ ಕಾಣಲ್ಲ. ಫೋಟೋದಲ್ಲಿ ಐಡಿ ಕಾರ್ಡ್ ಓದೋ ಹಂಗೆ ಕಾಣ್ತಿದ್ರೆ ಅದನ್ನ ಬಿಡಿ, ಓಟದಲ್ಲಿ ಬಿದ್ದ ಮಗುವಿನದ್ದು, ಬಟ್ಟೆ ಸರಿದಿರೋದು ಫೋನಿಂದಲೇ ಡಿಲೀಟ್ ಮಾಡಿ. ಮತ್ತೆ ಹಾಕೋ ಮುಂಚೆ ಆ ಒಂದನೇ ಕ್ಲಾಸಿನ ಮಗುವಿಗೇ ತೋರಿಸಿ, ‘ಇದು ಹಾಕಲಾ ಪುಟ್ಟ?’ ಅಂತ ಕೇಳಿ. ಆರು ವರ್ಷದ ಮಕ್ಕಳೂ ಬೇಡ ಅಂತ ಸ್ಪಷ್ಟವಾಗಿ ಹೇಳ್ತಾರೆ, ನಾನು ಎಷ್ಟೋ ಸಲ ಕೇಳಿಸ್ಕೊಂಡಿದೀನಿ.